ಹೊಳಲೂರಿನ ಅಜ್ಜಿಯ ಪ್ರಶ್ನೆ, ಆಲ್ಬಾದ ಪಿಯೆತ್ರೊನ ಕಥೆ

ಹೋದ ತಿಂಗಳು ಒಂದು ಶನಿವಾರ ಸಂಜೆ ನಾವು ಐದು ಜನ ಶಿವಮೊಗ್ಗದಲ್ಲಿ ಹೊನ್ನಾಳಿ ಬಸ್ ಹತ್ತಿ ಹೊಳಲೂರಿಗೆ ಹೋಗಿದ್ದೆವು. ನಮ್ಮ ಕ್ಲಾಸಿನ ಗೆಳೆಯನ ಮನೆ ಅಲ್ಲಿ. ಹಾಸ್ಟೆಲ್ ಹುಡುಗರ ಬ್ಯಾಗಲ್ಲಿ ಚಾರ್ಜರ್ ಮರೆತುಹೋದರೂ ನುಟೆಲ್ಲಾ ಬಾಟಲಿ ಮರೆಯಲ್ಲ ಅನ್ನೋದು ನಿಮಗೂ ಗೊತ್ತು. ಬೆಳಗ್ಗೆ ಗೆಳೆಯನ ಅಜ್ಜಿ ಬಿಸಿ ಬಿಸಿ ಅಕ್ಕಿರೊಟ್ಟಿ ಹಾಕಿಕೊಟ್ಟರು. ಚಟ್ನಿ ಪಕ್ಕದಲ್ಲೇ ಇತ್ತು. ಆದರೂ ನಮ್ಮಲ್ಲೊಬ್ಬ ಬಾಟಲಿ ತೆಗೆದು ರೊಟ್ಟಿ ಮೇಲೆ ದಪ್ಪಗೆ ಸವರಿಕೊಂಡ.

ಅಜ್ಜಿ ಬೈಯಲಿಲ್ಲ. ಅದೇನು ಅಂತ ಕೇಳಿದರು. ನಮ್ಮ ಕಡ್ಲೆಬೀಜದ ಥರ ಹೇಝಲ್‌ನಟ್ ಅಂತ ಒಂದು ಬೀಜ ಇದೆ ಅಜ್ಜಿ, ಅದನ್ನ ಚಾಕೊಲೇಟ್ ಜೊತೆ ಅರೆದಿರ್ತಾರೆ, ಮೈಗೆ ಒಳ್ಳೇದು ಅಂತ ನಾವು ಹೇಳಿದೆವು. ಹಾಗಾದ್ರೆ ಇದರಲ್ಲಿ ಬೀಜ ಎಷ್ಟು ಅಂತ ಅವರು ಮರುಪ್ರಶ್ನೆ ಹಾಕಿದರು. ನಾಲ್ಕು ಸೆಮಿಸ್ಟರ್ ಎಂಜಿನಿಯರಿಂಗ್ ಓದಿದ ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಬಾಟಲಿ ತಿರುಗಿಸಿ ಓದಬೇಕು ಅಂತಲೂ ಅಲ್ಲಿಯವರೆಗೆ ನಮಗೆ ಅನ್ನಿಸಿರಲಿಲ್ಲ.

ವಾಪಸ್ ಬಂದ ಮೇಲೆ ಓದಿದೆವು. ಬೀಜದ ಪಾಲು ಹುಡುಕಲು ಹೋದವರಿಗೆ ಒಬ್ಬ ಮನುಷ್ಯನ ಕಥೆ ಸಿಕ್ಕಿತು. ಪಿಯೆತ್ರೊ ಫೆರೆರೊ. ಅವರು ತೀರಿಕೊಂಡು ಮುಕ್ಕಾಲು ಶತಮಾನ ಆಯಿತು. ನುಟೆಲ್ಲಾ ಅನ್ನೋ ಹೆಸರನ್ನೇ ಅವರು ಕೇಳಿರಲಿಲ್ಲ. ಆದರೂ ಆ ಬಾಟಲಿಯ ಹಿಂದೆ ಇರುವ ಐಡಿಯಾ ಅವರದೇ.

ಬೆಟ್ಟದೂರಿನ ಹುಡುಗ

ಪಿಯೆತ್ರೊ ಹುಟ್ಟಿದ್ದು 1898ರ ಸೆಪ್ಟೆಂಬರ್ 2ರಂದು, ಇಟಲಿಯ ವಾಯವ್ಯ ಮೂಲೆಯ ಪೀಡ್‌ಮಾಂಟ್ ಪ್ರಾಂತ್ಯದ ಫಾರಿಲ್ಯಾನೊ ಅನ್ನುವ ಸಣ್ಣ ಊರಿನಲ್ಲಿ. ಒಕ್ಕಲುತನದ ಮನೆ. ಆ ಸೀಮೆಗೆ ಲಾಂಗೆ ಅಂತ ಹೆಸರು. ಸಾಲು ಸಾಲು ಗುಡ್ಡ, ಇಳಿಜಾರಿನಲ್ಲಿ ದ್ರಾಕ್ಷಿ, ದ್ರಾಕ್ಷಿಗೆ ಒಗ್ಗದ ಜಾಗದಲ್ಲಿ ಹೇಝಲ್‌ನಟ್ ಗಿಡ. ಈಗ ಅದು ದುಡ್ಡಿದ್ದವರು ವೈನ್ ಕುಡಿಯಲು ಹೋಗುವ ಜಾಗ. ಆಗ ಮಾತ್ರ ಹೊಟ್ಟೆಪಾಡಿಗೆ ಊರು ಬಿಡುವ ಬಡವರ ಜಾಗ.

ಪಿಯೆತ್ರೊ ಹೊಲಕ್ಕೆ ಹೋಗದೆ ಸಿಹಿತಿಂಡಿಯ ಕಸುಬು ಹಿಡಿದರು. ದೋಲ್ಯಾನಿ ಅನ್ನುವ ಪಕ್ಕದ ಊರಿನಲ್ಲಿ ಅಂಗಡಿ ನಡೆಸಿದರು. 1924ರಲ್ಲಿ ಪಿಯೆರಾ ಚಿಲ್ಲಾರಿಯೊ ಅವರನ್ನು ಮದುವೆಯಾದರು. 1925ರಲ್ಲಿ ಮಗ ಮಿಕೆಲೆ ಹುಟ್ಟಿದ. ಆಮೇಲೆ ಆಲ್ಬಾ ಪಟ್ಟಣ, ಅಲ್ಲಿಂದ ದೊಡ್ಡ ನಗರ ಟುರಿನ್. ಹೀಗೆ ಕುಟುಂಬ ಊರಿಂದ ಊರಿಗೆ ಹೋಗುತ್ತಲೇ ಇತ್ತು. ಪಿಯೆತ್ರೊ ಒಂದು ಕಡೆ ನಿಲ್ಲುವ ಆಸಾಮಿ ಅಲ್ಲ. ಅಂಗಡಿ ಸರಿಯಾಗಿ ನಡೆಯುತ್ತಿದ್ದರೂ ಹಿಂದಿನ ಕೋಣೆಯಲ್ಲಿ ಹೊಸದೇನೋ ಕಲಸುತ್ತಾ ಇರುವುದೇ ಅವರಿಗೆ ಇಷ್ಟ.

1938ರಲ್ಲಿ ಅವರು ಇನ್ನೂ ದೂರ ಹೋದರು. ಪೂರ್ವ ಆಫ್ರಿಕಾದ ಕೆಲವು ಭಾಗ ಆಗ ಇಟಲಿಯ ವಸಾಹತು. ಅಲ್ಲಿರುವ ಇಟಲಿಯ ಸೈನಿಕರಿಗೆ ಊರಿನ ಸಿಹಿತಿಂಡಿ ಮಾರಿದರೆ ಲಾಭ ಬರುತ್ತೆ ಅನ್ನೋದು ಲೆಕ್ಕ. ಲೆಕ್ಕ ತಪ್ಪಿತು. ಕೈ ಸುಟ್ಟುಕೊಂಡು ವಾಪಸ್ ಬಂದರು. ಆಗ ವಯಸ್ಸು ನಲವತ್ತು. ನಮ್ಮಲ್ಲಿ ಒಂದು ಬ್ಯಾಕ್‌ಲಾಗ್ ಉಳಿದರೆ ಜೀವನವೇ ಮುಗಿಯಿತು ಅಂತ ಕೂರುತ್ತೇವಲ್ಲ, ಅವರ ಹೆಸರನ್ನು ಜಗತ್ತಿಗೆ ಮುಟ್ಟಿಸಿದ ಕೆಲಸ ಶುರುವಾಗಿದ್ದೇ ಈ ಸೋಲಿನ ನಂತರ.

ಕೋಕೋ ಇಲ್ಲ, ಬೀಜ ಇದೆ

1940ರ ಜೂನ್‌ನಲ್ಲಿ ಇಟಲಿ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಕಾರ್ಖಾನೆಗಳ ನಗರವಾದ ಟುರಿನ್ ಮೇಲೆ ಬಾಂಬ್ ಬೀಳತೊಡಗಿದವು. ಫೆರೆರೊ ಕುಟುಂಬ ಆಲ್ಬಾಕ್ಕೆ ಮರಳಿತು. ಅಲ್ಲೂ ನೆಮ್ಮದಿ ಇರಲಿಲ್ಲ. 1944ರ ಶರತ್ಕಾಲದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳು ಆಲ್ಬಾವನ್ನು 23 ದಿನ ಹಿಡಿದಿಟ್ಟುಕೊಂಡು ಮತ್ತೆ ಕಳೆದುಕೊಂಡರು. ಇಂಥ ಊರಿನಲ್ಲಿ ಒಬ್ಬ ಮನುಷ್ಯ ಮಿಠಾಯಿ ಅಂಗಡಿ ನಡೆಸುತ್ತಿದ್ದ ಅಂದರೆ ಯೋಚಿಸಿ.

ಆಗಿನ ಊಟದ ಸ್ಥಿತಿ ಹೇಗಿತ್ತು ಅಂತ ತಿಳಿಯದಿದ್ದರೆ ಈ ಕಥೆಯ ಮುಖ್ಯ ವಿಷಯವೇ ಕೈತಪ್ಪುತ್ತೆ. 1942ರಲ್ಲಿ ಇಟಲಿಯ ಸಾಮಾನ್ಯ ನಾಗರಿಕನ ಬ್ರೆಡ್ ರೇಷನ್ ದಿನಕ್ಕೆ 150 ಗ್ರಾಂಗೆ ಇಳಿದಿತ್ತು. ಅದರಲ್ಲಿ ಸಿಗುವ ಶಕ್ತಿ ಸುಮಾರು 400 ಕಿಲೋ ಕ್ಯಾಲರಿ. ಬೆಳೆಯುವ ಮಗುವಿಗೂ ದುಡಿಯುವ ಮನುಷ್ಯನಿಗೂ ಅದು ಯಾವ ಮೂಲೆಗೆ? ಉಳಿದದ್ದನ್ನು ಕಾಳಸಂತೆಯಲ್ಲೋ ಹಳ್ಳಿಯ ನೆಂಟರಲ್ಲೋ ಹುಡುಕಬೇಕು. ಯುದ್ಧ ಮುಗಿದ ಕೂಡಲೇ ಹೊಟ್ಟೆ ತುಂಬಲಿಲ್ಲ. ಕೋಕೋ ದೂರದೇಶದ ಸರಕು. ಹಡಗಿಲ್ಲ, ಡಾಲರಿಲ್ಲ, ತೆರಿಗೆ ಬೇರೆ. ಚಾಕೊಲೇಟ್ ಅನ್ನೋದು ಕೂಲಿಕಾರರ ಮಕ್ಕಳಿಗೆ ಅಂಗಡಿಯ ಗಾಜಿನಾಚೆ ಮಾತ್ರ ಕಾಣುವ ವಸ್ತುವಾಗಿತ್ತು.

ಇಲ್ಲಿ ಪಿಯೆತ್ರೊ ಒಂದು ಹಳೇ ಉಪಾಯಕ್ಕೆ ಕೈಹಾಕಿದರು. ನೆಪೋಲಿಯನ್ ಕಾಲದಲ್ಲಿ, 1806ರ ನಂತರ, ಬ್ರಿಟಿಷ್ ವ್ಯಾಪಾರಕ್ಕೆ ಯುರೋಪಿನಲ್ಲಿ ತಡೆ ಬಿದ್ದಾಗಲೂ ಕೋಕೋ ದುಬಾರಿಯಾಗಿತ್ತು. ಆಗ ಟುರಿನ್‌ನ ಮಿಠಾಯಿಗಾರರು ಇದ್ದಷ್ಟು ಕೋಕೋಗೆ ಲಾಂಗೆ ಗುಡ್ಡದ ಹೇಝಲ್‌ನಟ್ ಹುರಿದು ಅರೆದು ಸೇರಿಸಿದರು ಅಂತ ಆ ಸೀಮೆಯ ಕಥೆ. 1865ರ ಟುರಿನ್ ಜಾತ್ರೆಯ ಹೊತ್ತಿಗೆ ಅದಕ್ಕೆ ಹೆಸರೂ ಬಂತು. ಅಲ್ಲಿಯ ಉತ್ಸವದಲ್ಲಿ ನಗಿಸುವ ಜಾನ್‌ಡೂಯಾ ಅನ್ನುವ ವೇಷಧಾರಿಯ ಹೆಸರೇ ಈ ಚಾಕೊಲೇಟಿಗೂ ಅಂಟಿಕೊಂಡಿತು. ನಮ್ಮ ಕಡೆ ಯಕ್ಷಗಾನದ ಹಾಸ್ಯಗಾರನ ಹೆಸರಲ್ಲಿ ಒಂದು ಮಿಠಾಯಿ ಬಂದ ಹಾಗೆ.

ಆದರೆ ಜಾನ್‌ಡೂಯಾ ಶ್ರೀಮಂತರ ತಿಂಡಿ. ಪಿಯೆತ್ರೊ ಕೇಳಿಕೊಂಡ ಪ್ರಶ್ನೆ ಬೇರೆ. ಕೋಕೋ ಎಷ್ಟು ಕಮ್ಮಿ ಹಾಕಿದರೂ ಬಾಯಿಗೆ ಚಾಕೊಲೇಟ್ ಅನ್ನಿಸಬೇಕು, ಹೊಟ್ಟೆಗೆ ಏನಾದರೂ ಸಿಗಬೇಕು, ಕೂಲಿಕಾರನ ಜೇಬಿಗೆ ಎಟುಕಬೇಕು. ಮೂರು ಕಂಡೀಷನ್, ಕೈಯಲ್ಲಿ ಇರೋದು ಊರಿನ ಬೀಜ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ಆಪ್ಟಿಮೈಸೇಷನ್ ಪ್ರಾಬ್ಲಂ.

ಹಗಲು ರಾತ್ರಿ ಕಲಸಿದರು. ಹದ ಸರಿ ಬಂತು ಅನ್ನಿಸಿದಾಗ ನಡುರಾತ್ರಿಯಲ್ಲಿ ಹೆಂಡತಿಯನ್ನು ಎಬ್ಬಿಸಿ ಚಮಚ ಬಾಯಿಗಿಟ್ಟು ಹೇಗಿದೆ ಅಂತ ಕೇಳುತ್ತಿದ್ದರು ಅಂತ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಪಿಯೆರಾ ನಿದ್ದೆಗಣ್ಣಲ್ಲಿ ಕೊಟ್ಟ ಅಭಿಪ್ರಾಯವೇ ಆ ಕಾರ್ಖಾನೆಯ ಮೊದಲ ಕ್ವಾಲಿಟಿ ಟೆಸ್ಟ್.

ಚಾಕುವಲ್ಲಿ ಕತ್ತರಿಸುವ ಚಾಕೊಲೇಟ್

1946ರಲ್ಲಿ ಹೊರಬಂದದ್ದರ ಹೆಸರು ಜಾನ್‌ಡೂಯೊತ್. ಅದು ಬಾಟಲಿಯಲ್ಲಿ ಇರಲಿಲ್ಲ. ಸಣ್ಣ ಬ್ರೆಡ್ಡಿನ ಆಕಾರದ ಗಟ್ಟಿ ಮುದ್ದೆ, ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿದ್ದು. ಚಾಕುವಿನಿಂದ ಹೋಳು ಮಾಡಿ ಬ್ರೆಡ್ ನಡುವೆ ಇಟ್ಟು ತಿನ್ನಬೇಕು. ನಿಜವಾದ ಚಾಕೊಲೇಟಿಗಿಂತ ಎಷ್ಟೋ ಅಗ್ಗ. ಕೆಲಸಕ್ಕೆ ಹೋಗುವವರು ಬುತ್ತಿಯಲ್ಲಿ ಕಟ್ಟಿಕೊಂಡರು, ತಾಯಂದಿರು ಮಕ್ಕಳಿಗೆ ಕೊಟ್ಟರು. ಅದೇ ವರ್ಷದ ಮೇ 14ರಂದು ಫೆರೆರೊ ಕಂಪನಿ ಅಧಿಕೃತವಾಗಿ ಶುರುವಾಯಿತು. ಪಿಯೆತ್ರೊನ ತಮ್ಮ ಜೊವಾನಿ ಮಾರಾಟ ನೋಡಿಕೊಂಡರು. ಮಧ್ಯವರ್ತಿಗಳನ್ನು ಬಿಟ್ಟು ತಮ್ಮದೇ ಗಾಡಿಗಳಲ್ಲಿ ಊರೂರಿನ ಅಂಗಡಿಗೆ ಮಾಲು ಮುಟ್ಟಿಸಿದರು. ಅಣ್ಣ ಲ್ಯಾಬ್, ತಮ್ಮ ಲಾಜಿಸ್ಟಿಕ್ಸ್.

ಒಂದು ತೊಂದರೆ ಮಾತ್ರ ಬಂತು. ಮಕ್ಕಳು ಒಳಗಿನ ಹೋಳು ತಿಂದು ಬ್ರೆಡ್ಡನ್ನು ಬಿಸಾಡುತ್ತಿದ್ದರಂತೆ. ಹೋಳಾದರೆ ಬೇರ್ಪಡಿಸಬಹುದು, ಸವರಿದರೆ ಆಗಲ್ಲ. ಸವರುವಂಥ ಮೆತ್ತಗಿನ ಹದ ಬೇಕು ಅನ್ನೋ ಯೋಚನೆಗೆ ಇದೂ ಒಂದು ಕಾರಣ ಅಂತಾರೆ.

ಇಲ್ಲಿ ಸ್ವಲ್ಪ ಮೆಟೀರಿಯಲ್ ಸೈನ್ಸ್. ಚಾಕೊಲೇಟನ್ನು ಗಟ್ಟಿಯಾಗಿ ಹಿಡಿದಿಡೋದು ಕೋಕೋ ಬೆಣ್ಣೆ. ಅದು ಕರಗೋದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ನಮ್ಮ ಬಾಯಿಯ ಬಿಸಿಗಿಂತ ಸ್ವಲ್ಪ ಕೆಳಗೆ. ಅದಕ್ಕೇ ಬಾರ್ ಕೈಯಲ್ಲಿ ಗಟ್ಟಿ, ನಾಲಿಗೆ ಮೇಲೆ ನೀರು. ಹೇಝಲ್‌ನಟ್ ಬೀಜದಲ್ಲಿ 60 ಪರ್ಸೆಂಟ್ ಎಣ್ಣೆ. ಆ ಎಣ್ಣೆಯ ಮುಕ್ಕಾಲು ಪಾಲು ಓಲೀಯಿಕ್ ಆಮ್ಲ, ರೂಮಿನ ಉಷ್ಣತೆಯಲ್ಲಿ ದ್ರವ. ಬೀಜ ಜಾಸ್ತಿ ಆದಷ್ಟೂ ಮಿಶ್ರಣ ಮೆತ್ತಗಾಗುತ್ತೆ. ಸಕ್ಕರೆ, ಕೋಕೋ, ಬೀಜದ ಕಣಗಳನ್ನು 20–30 ಮೈಕ್ರಾನ್‌ವರೆಗೆ ಅರೆದರೆ ನಾಲಿಗೆಗೆ ಮರಳು ಮರಳು ಅನ್ನಿಸಲ್ಲ. ಇನ್ನೊಂದು ಗುಟ್ಟು, ಇದರಲ್ಲಿ ನೀರು ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೇ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡಲ್ಲ.

ನಾವೂ ಹಾಸ್ಟೆಲಿನಲ್ಲಿ ಹುರಿದ ಕಡ್ಲೆಬೀಜ, ಕೋಕೋ ಪುಡಿ, ಬೆಲ್ಲ ಹಾಕಿ ಮಿಕ್ಸಿಯಲ್ಲಿ ಪ್ರಯತ್ನಿಸಿದೆವು. ಮೊದಲ ಸಲ ಗಾರೆ ಥರ ಗಟ್ಟಿಯಾಗಿ ಬ್ಲೇಡೇ ನಿಂತುಹೋಯಿತು. ಬೆಲ್ಲದ ತೇವವೇ ಕಾರಣ. ಎಣ್ಣೆಯಲ್ಲಿ ತೇಲುವ ಕಣಗಳಿಗೆ ಸ್ವಲ್ಪ ನೀರು ತಾಗಿದರೂ ಅಂಟಿಕೊಂಡು ಗಡುಸಾಗುತ್ತವೆ. ಎರಡನೇ ಸಲ ಬೀಜವನ್ನು ಮಾತ್ರ ಎಣ್ಣೆ ಬಿಡುವವರೆಗೆ ಅರೆದು, ಕೊನೆಗೆ ಸಕ್ಕರೆ ಪುಡಿ ಹಾಕಿದಾಗ ಸರಿಹೋಯಿತು. ಪಿಯೆತ್ರೊ ಇಂಥ ಎಷ್ಟು ಗಾರೆ ಮುದ್ದೆ ಎಸೆದಿರಬಹುದು ಅಂತ ಆವಾಗ ಅಂದಾಜಾಯಿತು.

ಹೊಳೆ ನುಗ್ಗಿತು, ಉಸಿರು ನಿಂತಿತು

1948ರ ಸೆಪ್ಟೆಂಬರಿನಲ್ಲಿ ಆಲ್ಬಾದ ತಾನಾರೊ ನದಿ ಉಕ್ಕಿ ಕಾರ್ಖಾನೆಗೆ ನುಗ್ಗಿತು. ಹೊಳೆ ಉಕ್ಕಿದರೆ ಏನಾಗುತ್ತೆ ಅಂತ ತುಂಗಭದ್ರೆಯ ಪಕ್ಕದಲ್ಲಿರುವ ಹೊಳಲೂರು, ಹೊನ್ನಾಳಿ ಕಡೆಯವರಿಗೆ ನಾವು ವಿವರಿಸಬೇಕಿಲ್ಲ. ನೀರು ಇಳಿದರೂ ಕೆಸರು ಉಳಿಯುತ್ತೆ. ಮಷಿನ್ ಒಳಗೆ, ಮೂಟೆಗಳ ಮೇಲೆ, ಎಲ್ಲ ಕಡೆ. ಕೆಲಸಗಾರರು ಸೇರಿ ಕೆಸರು ಬಾಚಿ ಕಾರ್ಖಾನೆಯನ್ನು ಮತ್ತೆ ನಿಲ್ಲಿಸಿದರು.

ಅದಾಗಿ ಆರು ತಿಂಗಳಿಗೆ, 1949ರ ಮಾರ್ಚ್ 2ರಂದು, ಪಿಯೆತ್ರೊ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತು. ಕಂಪನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹೆಂಡತಿ ಪಿಯೆರಾ, ತಮ್ಮ ಜೊವಾನಿ, 23 ವರ್ಷದ ಮಗ ಮಿಕೆಲೆ ಮುಂದೆ ನಡೆಸಿದರು. 1951ರಲ್ಲಿ ಸವರುವ ಹದದ ಸೂಪರ್‌ಕ್ರೆಮಾ ಬಂತು. 1957ರಲ್ಲಿ ಜೊವಾನಿಯೂ ಹೋದರು. ಹೆಸರಿನಲ್ಲಿ ಸೂಪರ್ ಅಂತೆಲ್ಲ ಬಳಸಲು ಇಟಲಿಯ ಕಾನೂನು ಅಡ್ಡ ಬಂದಾಗ ಮಿಕೆಲೆ ಹೊಸ ಹೆಸರು ಹುಡುಕಿದರು. ಇಂಗ್ಲಿಷಿನ ನಟ್, ಅದಕ್ಕೆ ಇಟಲಿಯ ಮುದ್ದಿನ ಬಾಲ ಎಲ್ಲಾ. 1964ರ ಏಪ್ರಿಲ್ 20ರಂದು ನುಟೆಲ್ಲಾದ ಮೊದಲ ಬಾಟಲಿ ಆಲ್ಬಾದಿಂದ ಹೊರಟಿತು. ಮಿಕೆಲೆ 2015ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಟಲಿಯ ಅತಿ ಶ್ರೀಮಂತ ವ್ಯಕ್ತಿ ಅನ್ನಿಸಿಕೊಂಡಿದ್ದರು. ಅಪ್ಪ ಇದರಲ್ಲಿ ಯಾವುದನ್ನೂ ನೋಡಲಿಲ್ಲ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ

ಯುರೋಪಿನಲ್ಲಿ ಮಾರುವ ಬಾಟಲಿಯ ಲೆಕ್ಕ ಇದು. ದೇಶದಿಂದ ದೇಶಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತೆ, ನಿಮ್ಮ ಬಾಟಲಿಯ ಹಿಂಭಾಗ ನೋಡಿಕೊಳ್ಳಿ. 100 ಗ್ರಾಂನಲ್ಲಿ ಶಕ್ತಿ 539 ಕಿಲೋ ಕ್ಯಾಲರಿ, ಕೊಬ್ಬು 30.9 ಗ್ರಾಂ (ಅದರಲ್ಲಿ ಸ್ಯಾಚುರೇಟೆಡ್ 10.6), ಸಕ್ಕರೆ 56.3 ಗ್ರಾಂ, ಪ್ರೋಟೀನ್ 6.3 ಗ್ರಾಂ. ಸಾಮಗ್ರಿಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತೆ. ಮೊದಲು ಸಕ್ಕರೆ, ಆಮೇಲೆ ಪಾಮ್ ಎಣ್ಣೆ, ಮೂರನೆಯದು ಹೇಝಲ್‌ನಟ್, 13 ಪರ್ಸೆಂಟ್. ಆಮೇಲೆ ಕೆನೆರಹಿತ ಹಾಲಿನ ಪುಡಿ 8.7, ಕೋಕೋ 7.4 ಪರ್ಸೆಂಟ್.

ಅಂದರೆ 350 ಗ್ರಾಂ ಬಾಟಲಿಯಲ್ಲಿ ಬೀಜ ಸುಮಾರು 45 ಗ್ರಾಂ, ಒಂದು ಹಿಡಿ. ಹಾಲಿನೊಳಗಿನ ಸಕ್ಕರೆಯೂ ಸೇರಿ ಸಕ್ಕರೆ 197 ಗ್ರಾಂ. ಯುರೋಪಿನ ನಿಯಮದಲ್ಲಿ ಜಾನ್‌ಡೂಯಾ ಚಾಕೊಲೇಟ್ ಅಂತ ಹೆಸರು ಹಾಕಬೇಕಾದರೆ 100 ಗ್ರಾಂಗೆ ಕನಿಷ್ಠ 20 ಗ್ರಾಂ ಹೇಝಲ್‌ನಟ್ ಇರಬೇಕು. ಈ ಬಾಟಲಿ ಅಷ್ಟು ದೂರ ಬರಲ್ಲ.

ಕಂಪನಿ ಹೇಳುವ ಒಂದು ಸರ್ವಿಂಗ್ 15 ಗ್ರಾಂ, ಅಂದರೆ 8.4 ಗ್ರಾಂ ಸಕ್ಕರೆ. ಹೊಳಲೂರಿನಲ್ಲಿ ನಮ್ಮವನು ರೊಟ್ಟಿಗೆ ಸವರಿದ್ದು ಕಮ್ಮಿ ಅಂದರೂ ಅದರ ಮೂರು ಪಾಲು. 45 ಗ್ರಾಂ ಅಂತ ಹಿಡಿದರೆ ಸಕ್ಕರೆ 25 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ 10 ಪರ್ಸೆಂಟ್ ಒಳಗಿರಲಿ, 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ. 2000 ಕ್ಯಾಲರಿ ತಿನ್ನುವವರಿಗೆ 5 ಪರ್ಸೆಂಟ್ ಅಂದರೆ 25 ಗ್ರಾಂ. ಒಂದು ರೊಟ್ಟಿಯಲ್ಲೇ ಹೆಚ್ಚುಕಡಿಮೆ ದಿನದ ಕೋಟಾ ಮುಗೀತು. ಅದೇ 45 ಗ್ರಾಂ ಕಡ್ಲೆಬೀಜ ತಿಂದಿದ್ದರೆ ಪ್ರೋಟೀನ್ 11 ಗ್ರಾಂ ಸಿಗುತ್ತಿತ್ತು. ಇದರಲ್ಲಿ ಸಿಕ್ಕಿದ್ದು 3 ಗ್ರಾಂ ಕೂಡ ಇಲ್ಲ.

ಅಮೆರಿಕದಲ್ಲಿ ಇದು ಕೋರ್ಟಿಗೂ ಹೋಗಿತ್ತು. ಮಕ್ಕಳ ಸಮತೋಲಿತ ತಿಂಡಿಯ ಭಾಗ ಅನ್ನೋ ಥರದ ಜಾಹೀರಾತು ದಾರಿ ತಪ್ಪಿಸುತ್ತೆ ಅಂತ ಹೂಡಿದ ದಾವೆಗಳನ್ನು ಕಂಪನಿ 2012ರಲ್ಲಿ ಸುಮಾರು 30 ಲಕ್ಷ ಡಾಲರ್ ಕೊಡಲು ಒಪ್ಪಿ ಇತ್ಯರ್ಥ ಮಾಡಿಕೊಂಡಿತು.

ಹಾಗಾದರೆ ಪಿಯೆತ್ರೊ ಮೋಸಗಾರನಾ? ನಾವು ಈ ಬಗ್ಗೆ ರೂಮಿನಲ್ಲಿ ಒಂದು ರಾತ್ರಿ ಪೂರ್ತಿ ಜಗಳ ಆಡಿದ್ದೇವೆ. ನಮ್ಮ ತೀರ್ಮಾನ ಇಲ್ಲ ಅಂತ. ದಿನಕ್ಕೆ 150 ಗ್ರಾಂ ಬ್ರೆಡ್ ಕಂಡ ಊರಿನ ಮಗುವಿಗೆ ಕಮ್ಮಿ ದುಡ್ಡಿಗೆ, ಕಮ್ಮಿ ಜಾಗದಲ್ಲಿ ಜಾಸ್ತಿ ಶಕ್ತಿ ತುಂಬಿ ಕೊಡುವುದು ಆವತ್ತಿನ ಅಗತ್ಯ. ಅವರು ಕೊಟ್ಟರು. ಬದಲಾಗಿದ್ದು ತಿನ್ನುವವರ ಪರಿಸ್ಥಿತಿ. ಮೂರು ಹೊತ್ತು ಮೆಸ್ ಊಟ ಮಾಡಿ, ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ನಮಗೆ ಅದೇ ಶಕ್ತಿ ಸೊಂಟದ ಸುತ್ತ ಕೂರುತ್ತೆ. ಡಿಸೈನ್ ಮಾಡಿದವರ ಕಾಲದ ಸ್ಪೆಸಿಫಿಕೇಷನ್ನನ್ನು ನಮ್ಮ ಕಾಲಕ್ಕೆ ಕಣ್ಣುಮುಚ್ಚಿ ಹಾಕಿಕೊಂಡಿದ್ದು ನಮ್ಮ ತಪ್ಪು. ಬೀಜ ಅಂತ ತೋರಿಸಿ ಸಕ್ಕರೆ ಮಾರುವ ಜಾಹೀರಾತಿನದ್ದು ಬೇರೆ ತಪ್ಪು.

ನಮ್ಮ ತೋಟದ ಮಾತು

ಈ ಕಥೆಗೆ ನಮ್ಮ ಕಡೆಯೂ ಒಂದು ಜೋಡಿ ಇದೆ. ದಕ್ಷಿಣ ಕನ್ನಡದಲ್ಲಿ ಅಡಿಕೆ ಮರದ ನೆರಳಲ್ಲಿ ಕೋಕೋ ಬೆಳೆಸಿದರು. 1980ರ ಆಸುಪಾಸಿನಲ್ಲಿ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಆ ಕೋಕೋವನ್ನು ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಆಲ್ಬಾದಲ್ಲಿ ಕೋಕೋ ಇರಲಿಲ್ಲ, ಬೀಜ ಇತ್ತು. ಪುತ್ತೂರಿನಲ್ಲಿ ಕೋಕೋ ರಾಶಿ ಬಿದ್ದಿತ್ತು. ಎರಡೂ ಕಡೆ ಊರಿನ ಬೆಳೆಯನ್ನು ಊರಿನವರೇ ಕೈಬಿಡದೆ ವಸ್ತುವಾಗಿ ಮಾಡಿದರು. ಹೊಳಲೂರಿನ ಗೆಳೆಯನ ಮನೆಯಲ್ಲಿ ಗದ್ದೆಯೂ ಇದೆ, ಅಡಿಕೆ ತೋಟವೂ ಇದೆ. ಅಡಿಕೆ ರೇಟು ಏರಿದ ದಿನ ಮನೆಯಲ್ಲಿ ಒಂದು ಮುಖ, ಇಳಿದ ದಿನ ಇನ್ನೊಂದು ಮುಖ. ಆ ಸಾಲುಗಳ ನಡುವೆ ಕೋಕೋ ಹಾಕಿದರೆ ಹೇಗೆ ಅಂತ ಅವನು ಈಗ ಅಪ್ಪನ ಹತ್ತಿರ ಮಾತಾಡುತ್ತಿದ್ದಾನೆ. ಅಪ್ಪ ಇನ್ನೂ ಒಪ್ಪಿಲ್ಲ.

ಹೋದ ಭಾನುವಾರ ನಾವು ಮತ್ತೆ ಹೊಳಲೂರಿಗೆ ಹೋಗಿದ್ದೆವು. ಅಜ್ಜಿಗೆ ಲೆಕ್ಕ ಒಪ್ಪಿಸಿದೆವು, ನೂರು ಪಾಲಿನಲ್ಲಿ ಬೀಜ ಹದಿಮೂರು, ಸಕ್ಕರೆ ಐವತ್ತಾರು ಅಂತ. ಅಜ್ಜಿ ನಕ್ಕು, ಅಷ್ಟು ಸಕ್ಕರೆ ಹಾಕಿದ್ರೆ ಹುಣಸೆಬೀಜ ಅರೆದು ಕೊಟ್ರೂ ಚೆನ್ನಾಗಿರುತ್ತೆ ಅಂದರು. ನಾವು ಮಿಕ್ಸಿಯಲ್ಲಿ ಮಾಡಿದ ಕಡ್ಲೆಬೀಜದ ಡಬ್ಬಿಯನ್ನು ಅವರ ಮುಂದೆ ಇಟ್ಟೆವು. ಒಂದು ಚಮಚ ರುಚಿ ನೋಡಿ, ಬೀಜ ಇನ್ನೊಂದು ಸ್ವಲ್ಪ ಹದವಾಗಿ ಹುರಿಯಬೇಕಿತ್ತು ಅಂದರು. ಮುಂದಿನ ಬ್ಯಾಚ್ ಹುರಿಯುವ ಕೆಲಸ ಅವರಿಗೇ ಒಪ್ಪಿಸಿ ಬಂದಿದ್ದೇವೆ.